ಲಾರಿ

ಆ ದೇಶದಲ್ಲಿ ದುಡ್ಡಿಗೆ ಲಾರಿ ಅನ್ನುತ್ತಾರೆ.
ಕನ್ನಡದ ಕಿವಿಗೆ ಅದು ಗೇರು ಬದಲಿಸುತ್ತಲೇ ಬರುತ್ತದೆ,
ಏದುಸಿರು ಬಿಡುತ್ತ, ಹಿಂದೆ ಎರಡು ನಾಯಿ.
ಹಾಗಾಗಿ ಎತೇರಿ ಹೇಳಿದ್ದು ನನಗೆ ಎರಡು ಸಲ ಕೇಳಿಸಿತು:
ಲಾರಿ ಇಲ್ಲದೆ ಲಾರಿ ಹೊರಡುವುದಿಲ್ಲ.

ಜಾರ್ಜಿಯಾ. ರಿಯೋನಿ ನದಿಯ ದಂಡೆಗೊಂದು ಸಣ್ಣ ಪಟ್ಟಣ.
ಪುರಸಭೆಯ ಎರಡನೇ ಮಹಡಿ,
ಕಿಟಕಿಗೆ ಅರ್ಧ ಗಾಜು, ಅರ್ಧ ರಟ್ಟು.
ಹನ್ನೊಂದು ವರ್ಷದಿಂದ ಕಸದ ಶುಲ್ಕದ ಖಾತೆ ಅವಳದು.
ಮೇಜಿನ ಮೇಲೆ ಹೊಸ ಕಾನೂನು, ಇನ್ನೂ ಅಂಟಿನ ವಾಸನೆ:
ಹಳೆಯ ಗುಂಡಿ ಮುಚ್ಚತಕ್ಕದ್ದು,
ಹೊಸದರ ತಳಕ್ಕೆ ಹಾಳೆ ಹಾಸತಕ್ಕದ್ದು,
ಮುಚ್ಚಿದ ಮೇಲೂ ಮೂವತ್ತು ವರ್ಷ
ಅದರ ಬೆವರು ಒರೆಸತಕ್ಕದ್ದು.
ಹಣ ಎಲ್ಲಿಂದ ಎಂಬ ಕಲಮಿನಲ್ಲಿ
'ಸೂಕ್ತ ಮೂಲಗಳಿಂದ' ಎಂದಿದೆ.
"ಸತ್ತವರಾದರೆ ವಾಸಿ," ಅಂದಳು,
"ಈಸ್ಟರಿಗೊಮ್ಮೆ ಗೋರಿಗೆ ವೈನ್ ಸುರಿದರೆ ಸುಮ್ಮನಿರುತ್ತಾರೆ.
ಈ ಗುಂಡಿಗೆ ದಿನಾ ಪಂಪು."

ತಲೆಗೆ ತಿಂಗಳಿಗೆ ಅರ್ಧ ಲಾರಿ, ಅದು ನಿಯಮ.
ತಲೆಗಂದಾಯ ಅಂದ ಕೂಡಲೇ ತಲೆಗಳು ಕಾಣೆಯಾದವು.
ಬಾಗಿಲಲ್ಲಿ ಒಂಬತ್ತು ಜೊತೆ ಚಪ್ಪಲಿ, ಪಟ್ಟಿಯಲ್ಲಿ ಮೂವರು.
ಒಂದು ಮನೆಯ ಮಗು ನಡೆಯುತ್ತದೆ, ಓಡುತ್ತದೆ,
ಎತೇರಿಯ ಪೆನ್ನು ಕಸಿಯುತ್ತದೆ,
ದಾಖಲೆಯಲ್ಲಿ ಇನ್ನೂ ಹುಟ್ಟಿಲ್ಲ.
ನದಿಯ ಕಡೆ ನಲವತ್ತು ಹಾಸಿಗೆಯ ಹೋಟೆಲು
ಕಟ್ಟುವುದು ಒಬ್ಬ ಕಾವಲುಗಾರನ ತಲೆಗೆ.
ಉಳಿದವರು ಅತಿಥಿಗಳು.
ಅತಿಥಿಯನ್ನು ದೇವರು ಕಳಿಸುತ್ತಾನೆ ಅನ್ನುತ್ತಾರೆ ಅಲ್ಲೂ.
ದೇವರು ಕಳಿಸಿದವರಿಗೆ ಕಸ ಎಲ್ಲಿಂದ?

ಅವಳೊಂದು ದಾರಿ ಬರೆದುಕೊಟ್ಟಳು:
ಶುಲ್ಕವನ್ನು ಕರೆಂಟಿನ ಬಿಲ್ಲಿಗೆ ಗಂಟುಹಾಕಿ,
ತಲೆ ಬಚ್ಚಿಡಬಹುದು, ದೀಪ ಬಚ್ಚಿಡಲಾಗದು.
ಸಭೆಯಲ್ಲಿ ಗದ್ದಲ.
ನನ್ನ ಫ್ರಿಜ್ಜು ಕಸ ಹಾಕುತ್ತದೆಯೇ ಎಂದು ಕೇಳಿದರು ಒಬ್ಬರು.
ಹೋಟೆಲಿನವರ ಭಾವ ಮಾತಾಡಲಿಲ್ಲ, ಗಡಿಯಾರ ನೋಡಿದರು.
ಉಪಸಮಿತಿ ಮಾಡಿ, ಚಹಾ ಕುಡಿದು,
ತಿಪ್ಪೆ ಸಾರಿಸಿ ಎದ್ದರು.

ನಿಜದ ತಿಪ್ಪೆ ಸಾರಿಸುವವನು ನೊದಾರ್.
ಗುಂಡಿಯಲ್ಲಿ ಬುಲ್ಡೋಜರು ಅವನದೇ ಕೈ,
ಎರಡು ತಿಂಗಳ ಸಂಬಳ ಬಾಕಿ, ಡೀಸೆಲ್ಲು ಕಡ.
ಹಂದಿಗಳು ಹಿಂದೆ ಸರಿಯುತ್ತವೆ, ಮತ್ತೆ ಮುಂದೆ ಬರುತ್ತವೆ.

ಈ ಲೆಕ್ಕದ ನಡುವೆ ಅವಳಿಗೆ ಸಿಕ್ಕಿದ್ದು
ವರ್ಲಾಮ್ ಎಂಬ ಹೆಸರು.
ತೀರಿಕೊಂಡು ನಾಲ್ಕು ವರ್ಷ.
ತಿಂಗಳು ತಪ್ಪದೆ ಕಟ್ಟಿದ್ದಾನೆ, ಅರ್ಧ ಲಾರಿ.

ಮನೆಗೆ ಹೋದಳು. ಬಾಗಿಲು ತೆರೆದವಳು ತ್ಸಿಯೂರಿ,
ಎತ್ತರದ ಹೆಂಗಸು, ಕೈಯಲ್ಲಿ ಸ್ಕ್ರೂಡ್ರೈವರು.
ಒಳಗೆ ಗೋಡೆ ಕಾಣದಂತೆ ರೇಡಿಯೋಗಳು,
ರೇಡಿಯೋದ ಹೊಟ್ಟೆಗಳು, ಕಿವಿಗಳು,
ಡಬ್ಬಿ ಡಬ್ಬಿ ಮೊಳೆ, ಯಾವ ಬೀಗದ್ದೂ ಅಲ್ಲದ ಕೀಲಿಕೈ.
"ನಲವತ್ತು ವರ್ಷ ಹೊತ್ತು ತಂದ," ಅಂದಳು,
"ವಾರಕ್ಕೆ ಐದು ಕಿಲೋ ಹೊರಗೆ ಹಾಕುತ್ತಿದ್ದೇನೆ,
ಇನ್ನೂ ಅಡುಗೆಮನೆ ಮುಟ್ಟಿಲ್ಲ.
ಅವನ ಕಸಕ್ಕೆ ನಾನ್ಯಾಕೆ ನನ್ನ ತಲೆಯಲ್ಲಿ ಕಟ್ಟಲಿ?
ಎರಡು ಅಂತಲೇ ಬರಕೋ."

ಎತೇರಿ ಬರೆದುಕೊಳ್ಳಲಿಲ್ಲ, ಹೊಡೆದುಹಾಕಲೂ ಇಲ್ಲ.
ಕಾನೂನು ಶಾಖೆಗೆ ಪತ್ರ ಹಾಕಿದಳು:
ಮೃತರು ಶುಲ್ಕಕ್ಕೆ ಅರ್ಹರೇ?
ಮೂರು ತಿಂಗಳಿಗೆ ಉತ್ತರ, ಕೆಳಗೆ ನೀಲಿ ಮೊಹರು:
ನಿಯಮದಲ್ಲಿ 'ತಲೆ' ಎಂದಿದೆ. ಜೀವಂತ ಎಂದಿಲ್ಲ.

ಓದಿ ಹೇಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ,
ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.
ಹೊರಗೆ ಏರಿನಲ್ಲಿ ಮಂಗಳವಾರದ ಗಾಡಿ.
ರಟ್ಟು ಸರಿಸಿ ನೋಡಿದೆವು:
ಚಾಲಕನ ಪಕ್ಕದ ಸೀಟಿನಲ್ಲಿ ಒಂದು ರೇಡಿಯೋ ಕೂತಿತ್ತು,
ಗುಂಡಿಗೆ ಹೋಗದೆ ಉಳಿದದ್ದು.
ಅವನು ಒಂದು ಕೈಯಲ್ಲಿ ಅದರ ಕಿವಿ ತಿರುವುತ್ತಿದ್ದ.